ಗೆರೆ ಎಳೆಯುವ ಮುನ್ನ ಸಂಪಾಜೆಯಲ್ಲೊಂದು ಸಭೆ ಇಡಿ

ಮಂಗಳೂರಿನ ಬಾವುಟಗುಡ್ಡೆಯಲ್ಲಿ 1837ರ ರೈತ ದಂಡಿನ ಮುಖಂಡ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡದ್ದು 2022ರ ನವೆಂಬರಿನಲ್ಲಿ. ಹಂಪನಕಟ್ಟೆಗೆ ಇಳಿಯುವವರಿಗೆ, ಅಲೋಶಿಯಸ್ ಕಾಲೇಜಿನ ಮಕ್ಕಳಿಗೆ, ಹಳೆಯ ದೀಪಸ್ತಂಭ ನೋಡಲು ಬರುವ ಪ್ರವಾಸಿಗಳಿಗೆ ಈಗ ಆ ಹೆಸರು ಪರಿಚಯವಾಗಿದೆ. ಬಹಳ ಒಳ್ಳೆಯದಾಯಿತು. ಆದರೆ ಸುಳ್ಯದ ಕಾಡಿನಂಚಿನ ರೈತರು ಇಷ್ಟು ದೂರ ದಂಡು ಕಟ್ಟಿಕೊಂಡು ಬಂದದ್ದು ಯಾಕೆ, ಬಂದವರ ಸಂಕಟ ಏನಿತ್ತು ಎಂದು ವಿಚಾರಿಸಿದರೆ ಹೆಚ್ಚಿನವರು “ಬ್ರಿಟಿಷರನ್ನು ಓಡಿಸಲಿಕ್ಕೆ” ಎಂದು ಹೇಳಿ ಸುಮ್ಮನಾಗುತ್ತಾರೆ. ಅದು ಸುಳ್ಳಲ್ಲ, ಆದರೆ ಅಷ್ಟೇ ಹೇಳಿದರೆ ಸಾಲದು. 1837ರ ಆ ದಂಡಿನ ಬೆನ್ನಿಗೆ ಒಂದು ಗಡಿಗೆರೆ ಇತ್ತು. ಅಲ್ಲಿ ಉಳುವವರನ್ನು ಒಂದು ಮಾತೂ ಕೇಳದೆ ಒಂದು ಸೀಮೆಯನ್ನು ಒಂದು ರಾಜ್ಯದಿಂದ ಕಿತ್ತು ಇನ್ನೊಂದು ಜಿಲ್ಲೆಗೆ ಸೇರಿಸಿದ ಗೆರೆ ಅದು. ನಮ್ಮ ಕರಾವಳಿ ಮತ್ತು ಘಟ್ಟದ ಊರುಗಳಿಗೆ ಅಂಥ ಗೆರೆ ಎಳೆಯುವ ಕಾಲ ಮತ್ತೆ ಹತ್ತಿರ ಬರುತ್ತಿದೆ. ಆದ್ದರಿಂದ ಇದನ್ನು ಈಗಲೇ ಬರೆಯುತ್ತಿದ್ದೇನೆ.

ನಾನು ಅರಂತೋಡು ಕಡೆಯವನು. ಗ್ರಾಮಕರಣಿಕನಾಗಿ ಕಂದಾಯ ಇಲಾಖೆಗೆ ಸೇರಿ, ಉಪತಹಶೀಲ್ದಾರನಾಗಿ ನಿವೃತ್ತನಾಗಿ ಈಗ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಮಗಳ ಮನೆಯ ಪಕ್ಕದಲ್ಲಿದ್ದೇನೆ. ಅಡಂಗಲ್, ಪಹಣಿ, ಕುಮ್ಕಿ ಅರ್ಜಿ, ಅಕ್ರಮ ಸಕ್ರಮದ ಕಡತ, ಉಗ್ರಾಣಿಯ ಜೊತೆ ಗಡಿಕಲ್ಲು ಹುಡುಕುತ್ತಾ ತೋಡು ದಾಟುವುದು, ಇದೇ ನನ್ನ ಬದುಕು. ಇತಿಹಾಸದಲ್ಲಿ ನನಗೆ ಪದವಿಯಿಲ್ಲ. ಆದರೆ ಸರ್ಕಾರ ಎಳೆದ ಒಂದು ಗೆರೆ ಅಂಗಳದ ಮಧ್ಯದಲ್ಲಿ ಹಾದುಹೋದರೆ ಒಂದು ಸಂಸಾರಕ್ಕೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಕೊಡಗನ್ನು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿದ್ದು ಹಾಲೇರಿ ಮನೆತನ. ಜಂಗಮನ ವೇಷದಲ್ಲಿ ಬಂದವನೊಬ್ಬ ಮಡಿಕೇರಿಯ ಹತ್ತಿರದ ಹಾಲೇರಿಯಲ್ಲಿ ನೆಲೆಯೂರಿ ರಾಜ್ಯ ಕಟ್ಟಿದ ಎಂಬುದು ಅಲ್ಲಿನವರ ಬಾಯಲ್ಲಿರುವ ಕತೆ. ಆ ಮನೆತನದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಪಡೆದ ದೊಡ್ಡ ವೀರರಾಜೇಂದ್ರನ ಹೆಸರು ದೊಡ್ಡದು. ಅವನಿಗೆ ಗಂಡುಮಕ್ಕಳಿರಲಿಲ್ಲ. ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಅವನ ಆಸೆ, ಅದಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಬೆಂಬಲವನ್ನೂ ಕೇಳಿಟ್ಟಿದ್ದ. 1809ರಲ್ಲಿ ಅವನು ತೀರಿಕೊಂಡ ಮೇಲೆ ಹುಡುಗಿಗೆ ಪಟ್ಟವಾಯಿತು. ಎರಡೇ ವರ್ಷದಲ್ಲಿ ಚಿಕ್ಕಪ್ಪ ಲಿಂಗರಾಜೇಂದ್ರ ಅವಳನ್ನು ಬದಿಗೆ ಸರಿಸಿ ತಾನೇ ರಾಜನಾದ. ಅವನ ಮಗನೇ ಚಿಕ್ಕವೀರರಾಜೇಂದ್ರ. ಮಾಸ್ತಿಯವರ ಕಾದಂಬರಿಯಿಂದ ಕನ್ನಡಿಗರಿಗೆಲ್ಲ ಗೊತ್ತಿರುವ ಕೊನೆಯ ಅರಸ ಅವನು.

ಸುಳ್ಯ, ಬೆಳ್ಳಾರೆ, ಪಂಜದ ಸೀಮೆಗಳು ಘಟ್ಟದ ಕೆಳಗೆ ಇದ್ದರೂ ಆಗ ಮಡಿಕೇರಿಯ ಅರಸರ ಕೈಯಲ್ಲಿದ್ದವು. ಟಿಪ್ಪುವಿನ ಪತನದ ನಂತರ ಕಂಪನಿ ಬೆಳ್ಳಾರೆ, ಪಂಜಗಳನ್ನು ಕೊಡಗಿನ ಅರಸನಿಗೆ ಬಿಟ್ಟುಕೊಟ್ಟಿತ್ತು. ಬೆಳ್ಳಾರೆಯಲ್ಲಿ ಖಜಾನೆ ಇತ್ತು. ರೈತ ಗದ್ದೆಯಲ್ಲಿ ಬೆಳೆದದ್ದರ ಒಂದು ಪಾಲನ್ನು ಧಾನ್ಯವಾಗಿಯೇ ಅರಸನಿಗೆ ಅಳೆಯುತ್ತಿದ್ದ. ಆ ಪದ್ಧತಿ ಸುಖದ್ದು ಎಂದು ನಾನು ಹೇಳುತ್ತಿಲ್ಲ, ಚಿಕ್ಕವೀರನ ಆಳ್ವಿಕೆಯ ಕ್ರೌರ್ಯವನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಕಣದಲ್ಲಿ ಭತ್ತ ಇದ್ದರೆ ತೀರ್ವೆ, ಎಂದರೆ ಭೂಕಂದಾಯ, ತೀರುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅಳೆಯುವುದೂ ಕಡಿಮೆಯಾಗುತ್ತಿತ್ತು.

1834ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಮಡಿಕೇರಿ ಕೋಟೆ ಹೊಕ್ಕಿತು. ಮೇ ತಿಂಗಳಲ್ಲಿ ಕಂಪನಿಯ ಕರ್ನಲ್ ಫ್ರೇಸರ್ ಒಂದು ಘೋಷಣೆ ಹೊರಡಿಸಿದ. ಕೊಡಗಿನ ನಿವಾಸಿಗಳು ಒಮ್ಮತದಿಂದ ಬಯಸಿದ್ದಾರೆ, ಆದ್ದರಿಂದ ಈ ನಾಡನ್ನು ಕಂಪನಿ ತನ್ನ ಆಳ್ವಿಕೆಗೆ ತೆಗೆದುಕೊಳ್ಳುತ್ತಿದೆ ಎಂಬುದು ಅದರ ತಿರುಳು. ಒಮ್ಮತ ಎಂಬ ಆ ಮಾತನ್ನು ದಯವಿಟ್ಟು ಗಮನದಲ್ಲಿಡಿ. ಮಡಿಕೇರಿಯಲ್ಲಿ ಸೇರಿದ್ದ ಕೆಲವು ದಿವಾನರು, ಮುಖ್ಯಸ್ಥರು ತಲೆದೂಗಿದ್ದನ್ನು ಇಡೀ ನಾಡಿನ ಒಪ್ಪಿಗೆ ಎಂದು ಬರೆದುಕೊಂಡರು. ಸುಳ್ಯದ ಗೌಡನನ್ನೋ ಬೆಳ್ಳಾರೆಯ ಒಕ್ಕಲನ್ನೋ ಅಲ್ಲಿಗೆ ಯಾರೂ ಕರೆದಿರಲಿಲ್ಲ. ಆಮೇಲೆ ಆಡಳಿತದ ಅನುಕೂಲಕ್ಕೆಂದು ಘಟ್ಟದ ಕೆಳಗಿನ ಈ ಸೀಮೆಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ, ಎಂದರೆ ಮಂಗಳೂರಿನ ಕಲೆಕ್ಟರರ ಕೈಕೆಳಗೆ ತಂದರು. ಅಲ್ಲಿಗೆ ಧಾನ್ಯದ ಲೆಕ್ಕ ಮುಗಿದು ನಗದಿನ ಲೆಕ್ಕ ಸುರುವಾಯಿತು.

ಕಂದಾಯ ಇಲಾಖೆಯಲ್ಲಿ ಇದ್ದವನಿಗೆ ಇದರ ಅರ್ಥ ಬೇಗ ಆಗುತ್ತದೆ. ತೀರ್ವೆಯನ್ನು ಇಂಥ ತಿಂಗಳೊಳಗೆ ನಗದಾಗಿ ಕಟ್ಟಬೇಕು ಎಂದರೆ ರೈತ ಕೊಯ್ಲು ಮುಗಿದ ಕೂಡಲೇ ಭತ್ತ ಮಾರಬೇಕು. ಎಲ್ಲರೂ ಅದೇ ವಾರ ಮಾರಲು ನಿಂತರೆ ಬೆಲೆ ನೆಲಕ್ಕೆ ಬೀಳುತ್ತದೆ. ಕೊಳ್ಳುವ ವ್ಯಾಪಾರಿ ಪಾಣೆಮಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುತ್ತಾನೆ, ಅಲ್ಲಿಗೆ ಸಾಗಿಸುವ ಖರ್ಚು ರೈತನ ತಲೆಗೆ. ಮಾರಿದ್ದು ಸಾಲದೆ ಹೋದರೆ ಸಾಲ. ಆಟಿ ತಿಂಗಳಲ್ಲಿ ಮನೆಯಲ್ಲಿ ಅಕ್ಕಿ ಮುಗಿದಾಗ ತಾನೇ ಮಾರಿದ ಭತ್ತವನ್ನು ದುಪ್ಪಟ್ಟು ಕೊಟ್ಟು ಕೊಳ್ಳಬೇಕು. ತೀರ್ವೆಯ ಮೊತ್ತ ಒಂದು ಪೈಸೆ ಏರದಿದ್ದರೂ ರೈತನ ಮೇಲೆ ಬೀಳುವ ಭಾರ ಹೀಗೆ ಏರುತ್ತದೆ. ಸಾಲದ್ದಕ್ಕೆ ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವನ್ನು ಕೆನರಾದಲ್ಲಿ ಕಂಪನಿ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿತ್ತು. 1830–31ರಲ್ಲೇ ಕೆನರಾದ ರೈತರು ಊರೂರಲ್ಲಿ ಕೂಟ ಸೇರಿ ಕಂದಾಯ ಕಟ್ಟುವುದಿಲ್ಲ ಎಂದು ನಿಂತದ್ದು ದಾಖಲೆಯಲ್ಲಿದೆ. ಹಾಗೆ ಕುದಿಯುತ್ತಿದ್ದ ಜಿಲ್ಲೆಗೆ ನಮ್ಮ ಸೀಮೆಯನ್ನು ತಂದು ಸೇರಿಸಿದರು.

ಹಾಲೇರಿ ಅರಸನನ್ನು ಆಗಲೇ ಕಾಶಿಯ ಕಡೆಗೆ ಸಾಗಿಸಿ ಆಗಿತ್ತು. ಸುಳ್ಯದ ಮುಖಂಡರು ಪುಟ್ಟಬಸಪ್ಪ ಎಂಬವನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಜನರ ಮುಂದೆ ನಿಲ್ಲಿಸಿದರು. ಪೂಮಲೆಯ ಕಾಡಿನಲ್ಲಿ ಮಂತ್ರಾಲೋಚನೆ ನಡೆಯಿತು. ಉಬರಡ್ಕ ಮಿತ್ತೂರಿನ ಮದುವೆಗದ್ದೆಯಲ್ಲಿ ಮದುವೆಯ ನೆಪ ಮಾಡಿ ಜನ ಸೇರಿಸಿದರು ಎಂದು ನಮ್ಮ ಕಡೆಯ ಹಿರಿಯರು ಇವತ್ತಿಗೂ ಜಾಗ ತೋರಿಸಿ ಹೇಳುತ್ತಾರೆ. ಕೆದಂಬಾಡಿ ರಾಮಯ್ಯ ಗೌಡರು, ಕೂಜುಗೋಡು, ಕುಡೆಕಲ್ಲು ಮನೆತನದವರು, ಕೊಡಗಿನ ಕಡೆಯಿಂದ ಗುಡ್ಡೆಮನೆ ಅಪ್ಪಯ್ಯ ಗೌಡರು, ಘಟ್ಟದ ಕುಡಿಯರು, ಜಂಗಮರು, ತುಳು ಒಕ್ಕಲುಗಳು ಎಲ್ಲರೂ ಅದರಲ್ಲಿದ್ದರು. ಬೆಳ್ಳಾರೆಯ ಖಜಾನೆ ಅವರ ಕೈಗೆ ಸಿಕ್ಕಿತು. ಪುತ್ತೂರಿನವರೆಗೆ ಬಂದ ಕಲೆಕ್ಟರ್ ಲೆವಿನ್ ಹಿಂದೆ ಸರಿದು ಮಂಗಳೂರಿಗೆ ಓಡಿದ. ಬಂಟ್ವಾಳದ ದಾರಿಯಲ್ಲಿ ನಂದಾವರದ ಬಂಗರಸ ಕೂಡಿಕೊಂಡ. 1837ರ ಏಪ್ರಿಲ್ 5ರಂದು ಮಂಗಳೂರು ರೈತರ ಕೈಗೆ ಬಂತು, ಬಾವುಟಗುಡ್ಡೆಯಲ್ಲಿ ಅವರ ಬಾವುಟ ಏರಿತು. ಹದಿಮೂರು ದಿನ ಅದು ಹಾರಿತು ಎಂದು ನಮ್ಮ ಜಿಲ್ಲೆಯ ನೆನಪು. ಕಡಲ ದಾರಿಯಲ್ಲಿ ಕಣ್ಣಾನೂರು, ತಲಚೇರಿ ಕಡೆಯಿಂದ ಪಡೆ ಬಂದಿಳಿದ ಮೇಲೆ ಎಲ್ಲ ಮುಗಿಯಿತು.

ಪುಟ್ಟಬಸಪ್ಪನನ್ನೂ ಬಂಗರಸನನ್ನೂ ಗಲ್ಲಿಗೆ ಹಾಕಿದ್ದು ನಾನೀಗ ಇರುವ ಈ ಬಿಕರ್ನಕಟ್ಟೆಯಲ್ಲಿ ಎಂದು ಸ್ಥಳೀಯ ಇತಿಹಾಸಕಾರರು ಬರೆದಿದ್ದಾರೆ. ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಮನೆಯವರ ಎದುರಲ್ಲೇ ನೇಣಿಗೇರಿಸಿದರು. ಬಂಡಾಯ ಅಡಗಿಸಲು ನೆರವಾದ ಕೊಡಗಿನ ಮುಖ್ಯಸ್ಥರಿಗೆ ಕಂಪನಿ ಪದಕ ಟಂಕಿಸಿ ಹಂಚಿತು. ಎರಡೂ ಕಡೆ ನಮ್ಮವರೇ ಇದ್ದರು. ಒಂದು ಜಾತಿಯ ಶೌರ್ಯ, ಇನ್ನೊಂದು ಜಾತಿಯ ದ್ರೋಹ ಎಂದು ಇದನ್ನು ಹೇಳುವವರನ್ನು ಕಂಡರೆ ನನಗೆ ನೋವಾಗುತ್ತದೆ. ಕಂಪನಿಯ ಕಾಗದಗಳು ಇದನ್ನು ದರೋಡೆಕೋರರ ಹಾವಳಿ ಎಂದು ಬರೆದವು, ನಾವೂ ಬಹುಕಾಲ ಹಾಗೇ ನಂಬಿದೆವು. ಸುಳ್ಯದ ಮಣ್ಣಿನವರೇ ಆದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದರು. ಸಂಪಾಜೆಯ ಎನ್.ಎಸ್. ದೇವಿಪ್ರಸಾದರು, ಪುರುಷೋತ್ತಮ ಬಿಳಿಮಲೆಯವರು ಊರೂರು ಅಲೆದು ಮನೆಮನೆಯ ನೆನಪುಗಳನ್ನು ಸಂಗ್ರಹಿಸಿದರು. ಅವರ ಶ್ರಮ ಇಲ್ಲದೆ ಹೋಗಿದ್ದರೆ ಬಾವುಟಗುಡ್ಡೆಯಲ್ಲಿ ಇಂದು ಪ್ರತಿಮೆಯೂ ಇರುತ್ತಿರಲಿಲ್ಲ.

ಇಲ್ಲಿ ಒಂದು ಕಾಲದ ಹೊಂದಿಕೆಯನ್ನು ಹೇಳಬೇಕು. ಮಂಗಳೂರಿನಲ್ಲಿ ಬಾವುಟ ಹಾರಿದಾಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವನು ನಾಲ್ಕನೆಯ ವಿಲಿಯಂ, ಹ್ಯಾನೋವರ್ ಮನೆತನದ ಅರಸ. ಎರಡೂವರೆ ತಿಂಗಳ ನಂತರ, ಜೂನ್ 20ರಂದು ಅವನು ತೀರಿಕೊಂಡ. ಅವನಿಗೂ ಅವನ ಅಣ್ಣಂದಿರಿಗೂ ಬದುಕುಳಿದ ಸಕ್ರಮ ಸಂತಾನವಿಲ್ಲದೆ ಪಟ್ಟ ಬಂದದ್ದು ತಮ್ಮನ ಮಗಳು ವಿಕ್ಟೋರಿಯಾಗೆ, ಹದಿನೆಂಟರ ಹುಡುಗಿಗೆ. ಜರ್ಮನಿಯ ಹ್ಯಾನೋವರ್ ಸೀಮೆ ಮತ್ತು ಬ್ರಿಟನ್ 1714ರಿಂದ ಒಬ್ಬನೇ ಅರಸನ ಕೆಳಗಿದ್ದವು. ಇಂಗ್ಲೆಂಡಿನ ಕಾನೂನು ಹೆಣ್ಣಿಗೆ ಪಟ್ಟ ಕೊಡುತ್ತಿತ್ತು, ಹ್ಯಾನೋವರಿನದು ಗಂಡುಸಂತತಿ ಇರುವವರೆಗೆ ಕೊಡುತ್ತಿರಲಿಲ್ಲ. ಹಾಗಾಗಿ ಹ್ಯಾನೋವರ್ ವಿಕ್ಟೋರಿಯಾಳ ಚಿಕ್ಕಪ್ಪ ಅರ್ನೆಸ್ಟ್ ಆಗಸ್ಟಸನ ಪಾಲಾಯಿತು. ಒಂದೇ ರಾತ್ರಿಯಲ್ಲಿ 123 ವರ್ಷಗಳ ನಂಟು ಹರಿಯಿತು. ಅಲ್ಲಿನ ರೈತರನ್ನೂ ಯಾರೂ ಕೇಳಲಿಲ್ಲ. ನಾಡು ಅಂದರೆ ಅರಸನ ಮನೆಯ ಆಸ್ತಿ ಎಂದು ತಿಳಿದಿದ್ದ ಕಾಲ, ಅಲ್ಲೂ ಅದೇ, ಇಲ್ಲೂ ಅದೇ.

ಹಾಲೇರಿ ಮನೆತನದ ಕೊನೆಯ ಎಳೆ ಹೋಗಿ ಸೇರಿದ್ದೂ ಆ ವಿಕ್ಟೋರಿಯಾಳ ಅರಮನೆಯನ್ನೇ. ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ತನ್ನ ಮನೆತನದ ಹಣವನ್ನು ಕಂಪನಿ ಇಟ್ಟುಕೊಂಡಿದೆ, ಕೊಡಿಸಿ ಎಂದು ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಿದ. ಗೌರಮ್ಮನ ಕ್ರೈಸ್ತ ದೀಕ್ಷಾಸ್ನಾನಕ್ಕೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಇಟ್ಟಳು. ಅರಸ ಹಣ ಕೈಗೆ ಬರುವ ಮೊದಲೇ 1859ರಲ್ಲಿ ಲಂಡನ್ನಿನಲ್ಲಿ ಕಣ್ಣುಮುಚ್ಚಿದ. ಗೌರಮ್ಮ ಒಬ್ಬ ಬ್ರಿಟಿಷ್ ಸೈನ್ಯಾಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು 1864ರಲ್ಲಿ ತೀರಿಕೊಂಡಳು. ಹೇಗೇ ಇರಲಿ, ಅರಸನಿಗೆ ನ್ಯಾಯಾಲಯದ ಬಾಗಿಲಾದರೂ ತೆರೆದಿತ್ತು. ಬೆಳ್ಳಾರೆಯ ಒಕ್ಕಲಿಗೆ ತನ್ನ ತೀರ್ವೆಯ ಬಗ್ಗೆ ಹೋಗಿ ಹೇಳಿಕೊಳ್ಳಲು ಯಾವ ಬಾಗಿಲೂ ಇರಲಿಲ್ಲ. ಅದಕ್ಕೇ ಅವನು ಕತ್ತಿ ಹಿಡಿದ.

ಅರಸರು ಹೋಗಿ ಮತದಾರರು ಬಂದ ಮೇಲೆ ಏನಾಯಿತು? ಸ್ವಾತಂತ್ರ್ಯದ ನಂತರ ಕೊಡಗು ತನ್ನದೇ ವಿಧಾನಸಭೆಯಿದ್ದ ಒಂದು ಪುಟ್ಟ ರಾಜ್ಯವಾಗಿತ್ತು ಎಂಬುದು ಇಂದಿನ ಹುಡುಗರಿಗೆ ಗೊತ್ತಿಲ್ಲ. 1951ರ ಜನಗಣತಿಯಲ್ಲಿ ಅದರ ಜನಸಂಖ್ಯೆ 2.29 ಲಕ್ಷ. ವಿಧಾನಸಭೆಯಲ್ಲಿ 24 ಸ್ಥಾನ, ಮಂತ್ರಿಮಂಡಲದಲ್ಲಿ ಇಬ್ಬರೇ, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ ಮತ್ತು ಕುಟ್ಟೂರು ಮಲ್ಲಪ್ಪ. 1952ರ ಚುನಾವಣೆಯ ದೊಡ್ಡ ಪ್ರಶ್ನೆಯೇ ಕೊಡಗು ಪ್ರತ್ಯೇಕವಾಗಿ ಉಳಿಯಬೇಕೋ ಮೈಸೂರಿನ ಜೊತೆ ಸೇರಬೇಕೋ ಎಂಬುದು. ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರು ವಿಲೀನ ಬೇಡ ಎಂದು ತಕ್ಕಡಿ ಪಕ್ಷ ಕಟ್ಟಿ ನಿಂತರು. ಕಾಂಗ್ರೆಸ್ಸಿಗೆ 15, ಎದುರಿನವರಿಗೆ 9. ಮುಂದೆ ರಾಜ್ಯಗಳ ಮರುವಿಂಗಡಣೆಗೆ ನೇಮಿಸಿದ ಫಜಲ್ ಅಲಿ ಆಯೋಗದ ವರದಿ ಬಂತು, 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಅದೇ ದಿನ ಮದರಾಸಿನಿಂದ ಬಿಡಿಸಿಕೊಂಡು ನಮ್ಮ ದಕ್ಷಿಣ ಕನ್ನಡವೂ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು.

ವಿಲೀನ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಕನ್ನಡನಾಡು ಒಂದಾಗದೆ ಇದ್ದಿದ್ದರೆ ನಮ್ಮ ಮಕ್ಕಳ ಶಾಲೆ, ಕೋರ್ಟು, ಕಚೇರಿ ಎಲ್ಲವೂ ಬೇರೆ ಬೇರೆ ಭಾಷೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಆದರೂ ಬೆಳ್ಯಪ್ಪನವರನ್ನು ನಾನು ಗೌರವದಿಂದ ನೆನೆಯುತ್ತೇನೆ. 24ರಲ್ಲಿ 9 ಸ್ಥಾನ ಎಂದರೆ ಕಡಿಮೆ ಜನರ ದನಿಯಲ್ಲ. ಆ ದನಿ ಚುನಾವಣೆಯಲ್ಲಿ, ಸದನದಲ್ಲಿ ಕೇಳಿಸಿತು, ಸೋತಿತು, ದಾಖಲೆಯಲ್ಲಿ ಉಳಿಯಿತು. ರಕ್ತ ಹರಿಯಲಿಲ್ಲ. ಕಾಸರಗೋಡಿಗೆ ಅಷ್ಟು ಕೂಡ ಸಿಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿನುದ್ದಕ್ಕೂ ಅದಕ್ಕಾಗಿ ಕೊರಗಿದರು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದೂ ಕಾಗದದಲ್ಲೇ ಉಳಿಯಿತು.

ನಮ್ಮ ಸಂವಿಧಾನದ 3ನೇ ವಿಧಿ ಹೇಳುವುದು ಇಷ್ಟು: ರಾಜ್ಯಗಳ ಗಡಿ ಬದಲಿಸುವ, ಹೊಸ ರಾಜ್ಯ ಮಾಡುವ ಅಧಿಕಾರ ಸಂಸತ್ತಿಗಿದೆ. ಸಂಬಂಧಪಟ್ಟ ವಿಧಾನಸಭೆಯ ಅಭಿಪ್ರಾಯವನ್ನು ಕೇಳಬೇಕು, ಒಪ್ಪಿಗೆ ಬೇಕಾಗಿಲ್ಲ. ಅಮೆರಿಕದ ಸಂವಿಧಾನದಲ್ಲಿ ಹಾಗಿಲ್ಲ. ಅಲ್ಲಿ ಒಂದು ರಾಜ್ಯವನ್ನು ಒಡೆದು ಇನ್ನೊಂದು ಮಾಡಬೇಕಾದರೆ ಆ ರಾಜ್ಯದ ಶಾಸನಸಭೆ ಒಪ್ಪಲೇಬೇಕು, ಕಾಂಗ್ರೆಸ್ಸೂ ಒಪ್ಪಬೇಕು. ಮೇನ್ ಎಂಬುದು ಮೊದಲು ಮ್ಯಾಸಚೂಸೆಟ್ಸ್ ರಾಜ್ಯದ ಭಾಗವಾಗಿತ್ತು. ನಡುವೆ ನ್ಯೂ ಹ್ಯಾಂಪ್‌ಶೈರ್ ಇದ್ದುದರಿಂದ ನೆಲದಲ್ಲಿ ಎರಡೂ ಕೂಡಿಕೊಂಡಿರಲಿಲ್ಲ. 1812ರ ಯುದ್ಧದಲ್ಲಿ ಬ್ರಿಟಿಷರು ಮೇನಿನ ಪೂರ್ವಭಾಗ ಹಿಡಿದುಕೊಂಡಾಗ ಬಾಸ್ಟನ್ನಿನಲ್ಲಿದ್ದ ಸರ್ಕಾರ ಕಾಪಾಡಲು ಬರಲಿಲ್ಲ ಎಂಬ ಸಿಟ್ಟು ಅಲ್ಲಿನವರಲ್ಲಿ ಬೇರೂರಿತು. 1819ರ ಜುಲೈಯಲ್ಲಿ ಅಲ್ಲಿ ಮತ ಹಾಕಿಸಿದರು. ಬೇರೆಯಾಗಬೇಕು ಎಂದವರು 17,091, ಬೇಡ ಎಂದವರು 7,132. ಮರುವರ್ಷ ಮೇನ್ ಪ್ರತ್ಯೇಕ ರಾಜ್ಯವಾಯಿತು. ಅದೂ ಪೂರ್ತಿ ಚೊಕ್ಕ ಕತೆಯಲ್ಲ. ಹೆಂಗಸರಿಗೆ ಮತವಿರಲಿಲ್ಲ, ಗುಲಾಮಗಿರಿಯ ರಾಜ್ಯವಾಗಿ ಮಿಸೌರಿಯನ್ನು ಒಳಗೆ ಬಿಟ್ಟುಕೊಳ್ಳುವ ಚೌಕಾಸಿಗೆ ಮೇನನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟರು. ಆದರೆ ಬೇರೆಯಾಗುವ ಸೀಮೆಯ ಮತದಾರರನ್ನು ಕೇಳಿ, ಎಣಿಸಿ, ಬರೆದಿಟ್ಟುಕೊಂಡರು. ಇನ್ನೂರು ವರ್ಷದ ನಂತರವೂ ಆ ಸಂಖ್ಯೆ ನಮ್ಮ ಮುಂದಿದೆ. 1834ರ ಮಡಿಕೇರಿಯ ಒಮ್ಮತಕ್ಕೆ ಅಂಥ ಒಂದು ಸಂಖ್ಯೆಯೂ ಇಲ್ಲ.

ಈಗ ನಮ್ಮ ಸಂಪಾಜೆಗೆ ಬರೋಣ. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಅರಂತೋಡು, ಕಲ್ಲುಗುಂಡಿ ದಾಟಿದ ಮೇಲೆ ಸಿಗುವ ಊರು. ಸಂಪಾಜೆ ಎರಡು ಇವೆ. ಒಂದು ದಕ್ಷಿಣ ಕನ್ನಡದ ಸುಳ್ಯ ತಾಲೂಕಿನದು, ಇನ್ನೊಂದು ಕೊಡಗಿನ ಮಡಿಕೇರಿ ತಾಲೂಕಿನದು. ಎರಡು ಪಂಚಾಯತಿ, ಇಬ್ಬರು ಶಾಸಕರು. ಭಾಷೆ ಅದೇ ಅರೆಭಾಷೆ, ತುಳು, ಮಲಯಾಳ. ತೋಟದ ಅಡಿಕೆಯೂ ರಬ್ಬರೂ ಒಂದೇ. ಮದುವೆ, ಬೊಜ್ಜ, ಕೋಲ ಎಲ್ಲ ಒಟ್ಟಿಗೆ. ಆದರೆ ದಕ್ಷಿಣ ಕನ್ನಡದ ರೈತನಿಗೆ ತನ್ನ ವರ್ಗ ಜಾಗದ ಸುತ್ತ ಕುಮ್ಕಿಯ ಹಕ್ಕು, ಸೊಪ್ಪು ಕೊಯ್ಯಲು, ದನ ಮೇಯಿಸಲು. ಗಡಿ ದಾಟಿದರೆ ಕುಮ್ಕಿ ಎಂಬ ಮಾತೇ ಕಡತದಲ್ಲಿಲ್ಲ, ಅಲ್ಲಿ ವಂಶಪಾರಂಪರ್ಯದ ಜಮ್ಮ ಜಮೀನು, ಅದಕ್ಕೆ ಸೇರಿದ ಬಾಣೆ. ಒಂದು ಮದರಾಸು ಸರ್ಕಾರದ ಕಟ್ಟಳೆಯಿಂದ ಬಂದದ್ದು, ಇನ್ನೊಂದು ಹಾಲೇರಿ ಅರಸರ ಸನದಿನಿಂದ. ಒಂದೇ ಗುಡ್ಡದ ಎರಡು ಮಗ್ಗುಲಿಗೆ ಎರಡು ಕಾನೂನು. 1834ರ ಗೆರೆ ಇವತ್ತಿಗೂ ಸೊಪ್ಪಿನ ಹೊರೆಯ ಮೇಲೆ ಹಾದುಹೋಗುತ್ತದೆ.

ನಾನು ಕೆಲಸದಲ್ಲಿದ್ದಾಗ ಗಡಿಯಾಚೆಯ ಒಬ್ಬ ಅಜ್ಜ ಕಂಕುಳಲ್ಲಿ ಬಟ್ಟೆಚೀಲ ಇಟ್ಟುಕೊಂಡು ನಮ್ಮ ಮೇಜಿನ ಮುಂದೆ ಬಂದು ನಿಂತರು. ಚೀಲದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಹಣಿ, ಅಪ್ಪನ ಕಾಲದ ತೀರ್ವೆ ರಸೀದಿ, ರೇಷನ್ ಕಾರ್ಡು. ಅಣ್ಣನ ಮಕ್ಕಳ ಜೊತೆ ಪಾಲಿನ ತಕರಾರು. “ಅಜ್ಜ, ಈ ಸರ್ವೆ ನಂಬರು ನಮ್ಮದಲ್ಲ, ಮಡಿಕೇರಿಗೆ ಹೋಗಬೇಕು” ಎಂದೆ. “ಅದು ನಂಗೆ ಗೊತ್ತುಂಟು ಮಾರಾಯ್ರೆ. ಘಾಟಿ ಹತ್ತಿದರೆ ತಲೆ ತಿರುಗುತ್ತದೆ, ವಾಂತಿ ಬರುತ್ತದೆ. ಸುಳ್ಯ ಆದರೆ ಬಸ್ಸಲ್ಲಿ ಕೂತು ಬರಬಹುದು. ನೀವು ಅಲ್ಲಿಗೆ ಒಂದು ಫೋನಾದರೂ ಮಾಡಿ ಹೇಳ್ತೀರಾ?” ಎಂದರು. ಸಂಪಾಜೆಯಿಂದ ಸುಳ್ಯಕ್ಕೆ ಇಳಿಯುವುದು 20–25 ಕಿಲೋಮೀಟರು. ಮಡಿಕೇರಿಗೆ ಅದಕ್ಕಿಂತ ದೂರ, ಅದೂ ತಿರುವು ತಿರುವಾಗಿ ಏರುವ ಘಾಟಿ. ಫೋನು ಮಾಡಿದೆ. ಆದರೆ ಆ ಕಡತ ನನ್ನ ಅಧಿಕಾರದ ವ್ಯಾಪ್ತಿಯಲ್ಲಿ ಇರಲಿಲ್ಲ. ಹಾಗೆಂದು ಗಡಿಯಾಚೆಯವರೆಲ್ಲ ದಕ್ಷಿಣ ಕನ್ನಡಕ್ಕೆ ಸೇರಲು ಬಯಸುತ್ತಾರೆ ಎಂದು ಯಾರೂ ತಿಳಿಯಬಾರದು. ಅದೇ ಊರಿನ ಇನ್ನೊಬ್ಬರು, ನಮ್ಮ ಜಮ್ಮದ ಹಕ್ಕು ಕೊಡಗಿನಲ್ಲಿದ್ದರೆ ಮಾತ್ರ ಉಳಿಯುತ್ತದೆ, ನಮಗೆ ಮಡಿಕೇರಿಯೇ ಇರಲಿ ಎಂದು ನನ್ನ ಹತ್ತಿರ ವಾದ ಮಾಡಿದ್ದಾರೆ. ಇಬ್ಬರ ಮಾತಿಗೂ ಕಾರಣವಿದೆ. ಅವರಲ್ಲಿ ಯಾರು ಹೆಚ್ಚು ಎಂದು ನಾನೋ ಬೆಂಗಳೂರಿನ ಅಧಿಕಾರಿಯೋ ಊಹಿಸಿ ಬರೆಯುವಂತಿಲ್ಲ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಗುಡ್ಡಗಳು ಕುಸಿದು ಮಡಿಕೇರಿಯ ರಸ್ತೆ ಕಡಿದುಹೋದಾಗ ಕೊಡಗಿನ ಆ ಜನ ಇಳಿದು ಬಂದದ್ದು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಕಡೆಗೆ. ತಮ್ಮ ಜಿಲ್ಲಾ ಕೇಂದ್ರಕ್ಕೆ ಏರಲು ದಾರಿಯೇ ಇರಲಿಲ್ಲ. ನಮ್ಮೂರಿನ ಹೆಂಗಸರು ಮನೆಯ ಅಕ್ಕಿ, ಚಾಪೆ, ಸೀರೆ ತಂದು ಕೊಟ್ಟರು, ಹುಡುಗರು ಹಗ್ಗ ಹಿಡಿದು ಕೆಸರಿಗೆ ಇಳಿದರು. ಆ ದಿನಗಳಲ್ಲಿ ಯಾವ ಜಿಲ್ಲೆಯವರು ಎಂದು ಯಾರೂ ಕೇಳಲಿಲ್ಲ. ಪರಿಹಾರದ ಅರ್ಜಿ ಬರೆಯುವ ಹೊತ್ತಿಗೆ ಆ ಪ್ರಶ್ನೆ ಬಂತು.

ಲೋಕಸಭೆಯ ಲೆಕ್ಕದಲ್ಲಿ ಈ ಎರಡು ಸಂಪಾಜೆಗಳೂ ಬಹುಕಾಲ ಒಂದೇ ಕ್ಷೇತ್ರದಲ್ಲಿದ್ದವು. ಕೊಡಗು ಮಂಗಳೂರು ಕ್ಷೇತ್ರಕ್ಕೆ ಸೇರಿತ್ತು. ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಪೂಣಚ್ಚನವರೇ 1967ರಲ್ಲಿ ಮಂಗಳೂರಿನಿಂದ ಗೆದ್ದು ರೈಲ್ವೆ ಮಂತ್ರಿಯಾದರು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಕೊಡಗನ್ನು ಮೈಸೂರಿನ ಜೊತೆ ಸೇರಿಸಿದರು. ಗೆರೆಯ ಈಚೆಯವರು ಮಂಗಳೂರಿನ ಸಂಸದರಿಗೆ, ಆಚೆಯವರು ಮೈಸೂರಿನ ಸಂಸದರಿಗೆ ಮನವಿ ಕೊಡುವಂತಾಯಿತು. ಒಂದೇ ರಾಷ್ಟ್ರೀಯ ಹೆದ್ದಾರಿ, ಒಂದೇ ಕುಸಿದ ಗುಡ್ಡ, ಇಬ್ಬರು ಸಂಸದರು. ವಿಧಾನಸಭೆ, ತಾಲೂಕುಗಳ ಮಟ್ಟದಲ್ಲೂ ಹೀಗೇ. ಕಡಬ ತಾಲೂಕು ಆದಾಗ ಸುಬ್ರಹ್ಮಣ್ಯ ಸುಳ್ಯದಿಂದ ಅತ್ತ ಹೋಯಿತು.

ಈಗ ಬರುವುದು ಇನ್ನೂ ದೊಡ್ಡದು. ಸಂವಿಧಾನದ ಪ್ರಕಾರ 2026ರ ನಂತರ ನಡೆಯುವ ಮೊದಲ ಜನಗಣತಿಯ ಮೇಲೆ ಕ್ಷೇತ್ರಗಳ ಮರುವಿಂಗಡಣೆ ಆಗಬೇಕು. ದಕ್ಷಿಣ ರಾಜ್ಯಗಳ ಸ್ಥಾನ ಕಡಿಮೆಯಾಗುತ್ತದೆಯೇ ಎಂಬ ಚರ್ಚೆ ದೆಹಲಿಯಿಂದ ಬೆಂಗಳೂರಿನವರೆಗೆ ಕಾವೇರಿದೆ, ಅದು ಆಗಬೇಕಾದ ಚರ್ಚೆಯೇ. ಅದರ ನೆರಳಿನಲ್ಲಿ ಹೋಬಳಿ, ಗ್ರಾಮ ಎಲ್ಲಿಗೆ ಸೇರುತ್ತದೆ ಎಂಬ ಪ್ರಶ್ನೆ ಕಾಣದೆ ಹೋಗುತ್ತದೆ. ಇದರ ಜೊತೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಮಂಗಳೂರು ಜಿಲ್ಲೆ ಎಂದು ಹೆಸರಿಡಬೇಕು ಎಂಬ ಬೇಡಿಕೆ, ಪುತ್ತೂರು ಜಿಲ್ಲೆಯಾಗಬೇಕು ಎಂಬ ಹಳೆಯ ಒತ್ತಾಯ, ತುಳುನಾಡು ರಾಜ್ಯದ ಕೂಗು, ಕೊಡವರ ಸ್ವಾಯತ್ತತೆಯ ಬೇಡಿಕೆ. ಹೆಸರಿನ ವಿಚಾರದಲ್ಲಿ ಮಂಗಳೂರಿನಲ್ಲಿ ಹೋಟೆಲು ಹೋಟೆಲಿನಲ್ಲೂ ಮಾತಿದೆ. ಆದರೆ ಬೆಳ್ತಂಗಡಿ, ಸುಳ್ಯದವರು ಏನೆನ್ನುತ್ತಾರೆ ಎಂದು ಕೇಳಿದವರು ಕಡಿಮೆ. ಪುತ್ತೂರು ಜಿಲ್ಲೆಯಾದರೆ ಸುಳ್ಯದವರಿಗೆ ಜಿಲ್ಲಾಧಿಕಾರಿ ಕಚೇರಿ ಅರ್ಧ ದಾರಿ ಹತ್ತಿರವಾಗುತ್ತದೆ, ಆದರೆ ಆಸ್ಪತ್ರೆ, ಕಾಲೇಜಿಗೆಂದು ಮಂಗಳೂರಿಗೆ ಹೋಗುವವರಿಗೆ ಆಗಲೂ ಅದೇ ದಾರಿ. ನನಗೆ ಪುತ್ತೂರು ಜಿಲ್ಲೆ ಬೇಕು ಎನ್ನಿಸುತ್ತದೆ. ಬಿಕರ್ನಕಟ್ಟೆಯಲ್ಲಿ ಕೂತ ನನ್ನ ಅನಿಸಿಕೆಗಿಂತ ಮಡಪ್ಪಾಡಿಯಲ್ಲಿ ಅಡಿಕೆ ಸುಲಿಯುತ್ತಾ ಕೂತವರ ಅನಿಸಿಕೆಗೆ ಹೆಚ್ಚು ಬೆಲೆ ಸಿಗಬೇಕು.

ಕ್ಷೇತ್ರ ವಿಂಗಡಣೆಗೆ ಹಿಂದಿನ ಸಲ ಮಾಡಿದ 2002ರ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಂಶವಿತ್ತು. ಆಯೋಗ ತನ್ನ ಪ್ರಸ್ತಾವವನ್ನು ಮೊದಲು ಪ್ರಕಟಿಸಬೇಕು, ಆಕ್ಷೇಪ ಕರೆಯಬೇಕು, ಸಾರ್ವಜನಿಕ ಸಭೆ ನಡೆಸಬೇಕು. ಆದರೆ ಸಭೆ ಎಲ್ಲಿ ನಡೆಯಬೇಕು ಎಂಬುದು ಆಯೋಗಕ್ಕೆ ಬಿಟ್ಟದ್ದು. ನಾಲ್ಕಾರು ಜಿಲ್ಲೆಗೆ ಒಂದು ದೊಡ್ಡ ನಗರದ ಸಭಾಂಗಣದಲ್ಲಿ ಸಭೆ ಇಟ್ಟರೆ ಅಲ್ಲಿಗೆ ಹೋಗುವವರು ಪಕ್ಷದ ಪದಾಧಿಕಾರಿಗಳು, ವಕೀಲರು, ಕಾರು ಇದ್ದವರು. ಬಟ್ಟೆಚೀಲದ ಅಜ್ಜ ಹೋಗಲಾರ. ಗಡಿ ಅಥವಾ ಕ್ಷೇತ್ರ ಬದಲಾಗುವ ಪ್ರತಿ ತಾಲೂಕಿನಲ್ಲೂ ಸಭೆ ನಡೆಯಬೇಕು ಎಂದು ಮುಂದಿನ ಕಾಯ್ದೆಯಲ್ಲೇ ಬರೆದಿರಬೇಕು. ಪ್ರಸ್ತಾವದ ನಕ್ಷೆಯನ್ನು ಗ್ರಾಮಗಳ ಹೆಸರು ಸಮೇತ ಕನ್ನಡದಲ್ಲಿ ಪ್ರತಿ ಪಂಚಾಯತಿಯ ಗೋಡೆಗೆ ಹಚ್ಚಬೇಕು. ಗ್ರಾಮಸಭೆಯಲ್ಲಿ ಓದಿ ಹೇಳಿ, ಒಪ್ಪಿದವರು, ಒಪ್ಪದವರು ಎಷ್ಟು ಎಂದು ಎಣಿಸಿ ನಡಾವಳಿಯಲ್ಲಿ ಬರೆಯಬೇಕು. ಆ ನಡಾವಳಿಯ ಪ್ರತಿ ಆಯೋಗಕ್ಕೂ ಹೋಗಬೇಕು. ಜಿಲ್ಲೆಯ ಹೆಸರು ಬದಲಿಸುವುದಕ್ಕೂ ಇದೇ ಕ್ರಮ ಇರಲಿ. ಖರ್ಚು ಹೆಚ್ಚಾಗುತ್ತದೆ ಎನ್ನುವವರಿದ್ದಾರೆ. ಚುನಾವಣೆಗೆ ಪ್ರತಿ ಮತಗಟ್ಟೆಗೂ ಪೆಟ್ಟಿಗೆ ಹೊರುವ ಸರ್ಕಾರಕ್ಕೆ ಇದು ಭಾರವಲ್ಲ. ನಾನೇ ಆ ಪೆಟ್ಟಿಗೆಗಳ ಜೊತೆ ಕಾಡುದಾರಿ ನಡೆದಿದ್ದೇನೆ, ಮಾಡಲು ಮನಸ್ಸಿದ್ದರೆ ಆಗುತ್ತದೆ.

ಬಾವುಟಗುಡ್ಡೆಯ ಪ್ರತಿಮೆಯ ಹತ್ತಿರ ದೊಡ್ಡ ಅಕ್ಷರದ ಒಂದು ಫಲಕ ಬೇಕು ಎಂದು ಮಹಾನಗರಪಾಲಿಕೆಯನ್ನೂ ಕೇಳಿಕೊಳ್ಳುತ್ತೇನೆ. ಅದರಲ್ಲಿ ಬೆಳ್ಳಾರೆಯ ಖಜಾನೆಯ ಹೆಸರು ಬರಲಿ, ಧಾನ್ಯದ ತೀರ್ವೆ ನಗದಾದದ್ದು ಬರಲಿ, ಕೊಡಗಿನಿಂದ ಕೆನರಾಕ್ಕೆ ಸೇರಿಸಿದ ಸೀಮೆಯ ಒಂದು ನಕ್ಷೆ ಇರಲಿ. ಗೌಡರ ಜೊತೆ ಕುಡಿಯರ, ಜಂಗಮರ, ಬಂಗರಸರ ಹೆಸರೂ ಇರಲಿ. ಅಲೋಶಿಯಸ್ಸಿನ ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿ ಕೂರುತ್ತಾರೆ, ಓದುತ್ತಾರೆ.

ಆಯೋಗದ ಸಭೆಯ ಮಾತಿಗೆ ಇನ್ನೊಂದು ಸೇರಿಸಬೇಕು. ಸಂಪಾಜೆಯಲ್ಲಿ ಸಭೆ ಇಟ್ಟರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಡಬೇಡಿ, ಆಗ ಜೋಡುಪಾಲದ ರಸ್ತೆಯನ್ನು ನಂಬುವಂತಿಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲೂ ಬೇಡ. ಏಪ್ರಿಲ್ ಆದೀತು. ಬೆಳಗ್ಗೆ ಹತ್ತೂವರೆಗೆ ಸುರು ಮಾಡಿದರೆ ಮದೆನಾಡಿನಿಂದಲೂ ಅರಂತೋಡಿನಿಂದಲೂ ಬಸ್ಸಿನಲ್ಲಿ ಬರುವವರು ಮಾತಾಡಿ ಸಂಜೆಯೊಳಗೆ ಮನೆ ಮುಟ್ಟಬಹುದು.